ಕದಳಿ ಗೊನೆಗೆ ಸಮನಾಗಲು ನಾನು ಪಟ್ಟ ಪಾಡು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಊರುಗಳ ನಡುವೆ ಡಯೆಟ್ ಎಂಬುದನ್ನು ಮೊಟ್ಟಮೊದಲು ಮಾಡಿದವನು ನಾನು. ನೀವು ನಂಬುವುದಿಲ್ಲ, ಗೊತ್ತು. ನಂಬಲೇಬೇಡಿ. ಅರವತ್ತು ವರ್ಷಗಳಿಂದ ಇದನ್ನು ಹೇಳುತ್ತಿದ್ದೇನೆ, ಮೊದಲ ಸಲಕ್ಕೆ ನಂಬಿದ ಒಬ್ಬರೂ ಸಿಕ್ಕಿಲ್ಲ. ಪೂರ್ತಿ ಕೇಳಿದ ಮೇಲೂ ನಂಬದವರು ಯಾರಾದರೂ ಇದ್ದರೆ ಹೇಳಿ, ಅವರ ಮನೆ ಜಗಲಿಯಲ್ಲಿ ಒಂದು ಹೊತ್ತು ಉಪವಾಸ ಕೂರುತ್ತೇನೆ. ಮೀನು ಸಾರಿನ ಪರಿಮಳ ಬರುವ ಜಗಲಿಯಾದರೂ ಸರಿ.

ಈಗ ಇದು ನೆನಪಾಗಲು ಕಾರಣ ನನ್ನ ಮೊಮ್ಮಗಳು. ಮಿಜಾರಿನ ಕಾಲೇಜಿನಲ್ಲಿ ಓದುತ್ತಾಳೆ. ಮೊನ್ನೆ ಮನೆಗೆ ಬಂದವಳು ಗಾಜಿನ ಹಲಗೆಯಂಥ ಒಂದು ತೂಕದ ಯಂತ್ರ ತಂದಿದ್ದಾಳೆ. ಬೆಳಿಗ್ಗೆ ಎದ್ದು ಕಿವಿಯ ಓಲೆಯನ್ನೂ ತೆಗೆದಿಟ್ಟು ಅದರ ಮೇಲೆ ನಿಲ್ಲುತ್ತಾಳೆ. ಆಮೇಲೆ ಮುಳ್ಳುಸೌತೆ ತಿನ್ನುತ್ತಾಳೆ. ಮುಳ್ಳುಸೌತೆಯನ್ನು ಅಷ್ಟು ದುಃಖದಿಂದ ತಿನ್ನುವವರನ್ನು ನಾನು ನೋಡಿಯೇ ಇರಲಿಲ್ಲ. ನಾನೂ ಒಮ್ಮೆ ಹತ್ತಿ ನೋಡುತ್ತೇನೆಂದು ಹಲ್ಲಿನ ಸೆಟ್ಟನ್ನು ತೆಗೆದು ಅವಳ ಪುಸ್ತಕದ ಮೇಲಿಟ್ಟು ಯಂತ್ರ ಹತ್ತಿದೆ. ಅವಳಿಗೆ ಸಿಟ್ಟು ಬಂತು. ಕಾಲೇಜಿಗೂ ಓಡಿಕೊಂಡು ತೂಕವನ್ನೂ ಇಳಿಸುವುದು ಎಂಥ ಕಷ್ಟ ಎಂದು ನಿಮಗೆಲ್ಲ ಹೇಗೆ ಗೊತ್ತಾಗಬೇಕು ಅಜ್ಜ, ಅಂದಳು.

ನನಗೆ ಗೊತ್ತಿಲ್ಲವಂತೆ. ನನಗೆ.

ಹಾಗಾದರೆ ಆರು ವರ್ಷದ ನನ್ನಿಂದ ಶುರು ಮಾಡಬೇಕು. ಅಪ್ಪ ಅಮ್ಮ ಬೊಂಬಾಯಿಯಲ್ಲಿ. ಅಪ್ಪನಿಗೆ ಅಲ್ಲಿ ಹೋಟೆಲಿನಲ್ಲಿ ಕೆಲಸ. ನಾನು ಗುರುವಾಯನಕೆರೆಯ ಹತ್ತಿರ ಅಮ್ಮನ ಅಮ್ಮನ ಮನೆಯಲ್ಲಿ ಬೆಳೆಯುತ್ತಿದ್ದೆ. ಆಗ ನನಗೆ ಟೈಫಾಯ್ಡ್ ಬಂತು. ಬೆಳ್ತಂಗಡಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಡಾಕ್ಟರು ಮೂರನೆಯ ವಾರ ನಾಡಿ ಹಿಡಿದು, ‘ನೋಡುವ’ ಎಂದಷ್ಟೇ ಹೇಳಿ ಹೋದರಂತೆ. ಡಾಕ್ಟರು ಔಷಧದ ಹೆಸರು ಹೇಳದೆ ಬರೀ ನೋಡುವ ಅಂದರೆ ಏನೆಂದು ಅಜ್ಜಿಗೆ ಗೊತ್ತಿತ್ತು. ಅವರ ಸೈಕಲ್ಲು ತಿರುವು ದಾಟುವ ಮೊದಲೇ ಅಜ್ಜಿ ಕೈಕಾಲು ತೊಳೆದು ದೇವಸ್ಥಾನದ ದಿಕ್ಕಿಗೆ ನಿಂತು ಹರಕೆ ಹೇಳಿಕೊಂಡಳು. ಹುಡುಗ ಎದ್ದು ಓಡಾಡಿದರೆ ಅವನಿಗೆ ತುಲಾಭಾರ ಮಾಡಿಸುತ್ತೇನೆ, ಕದಳಿ ಬಾಳೆಹಣ್ಣಿನಲ್ಲಿ, ಅದೂ ನನ್ನ ಕೈಯಾರೆ ನೆಟ್ಟು ಬೆಳೆಸಿದ ಕದಳಿಯಲ್ಲಿ. ಎಂದರೆ ತಕ್ಕಡಿಯ ಒಂದು ತಟ್ಟೆಯಲ್ಲಿ ನಾನು ಕೂರಬೇಕು, ಇನ್ನೊಂದರಲ್ಲಿ ನನ್ನಷ್ಟೇ ತೂಕದ ಹಣ್ಣು ದೇವರಿಗೆ.

ನಾನು ಎದ್ದೆ. ಎದ್ದಾಗ ಎಷ್ಟು ಸಪೂರ ಇದ್ದೆನೆಂದರೆ, ಎರಡು ಗೊನೆಯಲ್ಲಿ ಹರಕೆ ಮುಗಿಯುತ್ತಿತ್ತು. ಅಲ್ಲಿಯೇ ನೋಡಿ ಅಜ್ಜಿ ಎಡವಿದ್ದು. ಆ ವರ್ಷ ನೆಟ್ಟ ಬಾಳೆಯನ್ನು ಗಾಳಿ ಮಲಗಿಸಿತು. ಮರುವರ್ಷದ್ದನ್ನು ಮಂಗಗಳು ಮುಗಿಸಿದವು. ಆಮೇಲೆ ಎಲೆ ಮುದುಡುವ ರೋಗ. ಅದಾದ ಮೇಲೆ ಮಾವನ ಮದುವೆ ಬಂತು, ಇದ್ದ ಗೊನೆಯೆಲ್ಲ ಚಪ್ಪರಕ್ಕೆ ಹೋಯಿತು. ಪ್ರತಿ ವರ್ಷವೂ ಅಜ್ಜಿ ದೇವರಲ್ಲಿ ಒಂದು ವರ್ಷದ ವಾಯಿದೆ ಕೇಳುವುದು, ಪ್ರತಿ ದಿನವೂ ಬದುಕಿ ಬಂದ ಹುಡುಗನೆಂದು ನನಗೆ ಬಡಿಸುವುದು. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಅದರ ಮೇಲೆ ತುಪ್ಪ, ಹತ್ತು ಗಂಟೆಗೆ ನೀರುದೋಸೆ, ಮಧ್ಯಾಹ್ನ ಮೀನು, ಸಂಜೆ ಬೇಯಿಸಿದ ಗೆಣಸು. ಒಂದು ಕೈಯಲ್ಲಿ ಬಾಳೆ ನೆಟ್ಟು ಇನ್ನೊಂದು ಕೈಯಲ್ಲಿ ನನ್ನನ್ನು ಕೊಬ್ಬಿಸುತ್ತ ಹೋದ ಆ ಬುದ್ಧಿವಂತೆಗೆ, ಹರಕೆಯನ್ನು ತಾನೇ ಭಾರ ಮಾಡುತ್ತಿದ್ದೇನೆಂದು ಹೊಳೆಯಲೇ ಇಲ್ಲ. ನನಗೂ ಹೊಳೆಯಲಿಲ್ಲ. ನಾನು ತಿನ್ನುವುದರಲ್ಲಿ ಬಿಡುವಿಲ್ಲದೆ ಇದ್ದೆ.

ಅರವತ್ತರ ದಶಕದ ನಡುವಿಗೆ ನಾನು ಮೂಡುಬಿದಿರೆಗೆ ಬಿ.ಎ. ಓದಲು ಹೋಗುವಾಗ ನನ್ನ ಗಾತ್ರ ಬಸ್ಸಿನವರಿಗೆಲ್ಲ ಪರಿಚಯ. ಕಂಡಕ್ಟರು ನನಗೆ ಸೀಟು ಹುಡುಕಿಕೊಡುತ್ತಿದ್ದ, ಗೌರವದಿಂದಲ್ಲ. ‘ನೀನು ಬಲಗಡೆ ಕೂತ್ಕೊ ಮಾರಾಯ, ಎಡಗಡೆ ಟಯರು ಹಳತು’ ಅನ್ನುತ್ತಿದ್ದ. ನಾನೂ ಬಿಡುವವನಲ್ಲ. ವೇಣೂರು ಬಂದಾಗ ಸುಮ್ಮನೆ ಎದ್ದು ಎಡಗಡೆಗೆ ಹೋಗಿ ಕೂರುತ್ತಿದ್ದೆ. ಡ್ರೈವರು ಹಿಂದೆ ತಿರುಗಿ ನೋಡುತ್ತಿದ್ದ. ಹಾಗೆ ನಾನು ಬಸ್ಸನ್ನು ಬೇಕಾದ ಕಡೆಗೆ ವಾಲಿಸಬಲ್ಲವನಾಗಿದ್ದೆ ಎಂಬುದು ನೆನಪಿರಲಿ.

ಆ ವರ್ಷ ಅಜ್ಜಿಗೆ ಎಪ್ಪತ್ತು ದಾಟಿತ್ತು. ಎರಡು ಕಣ್ಣಿಗೂ ಪೊರೆ. ಜನರನ್ನು ನೆರಳಿನಿಂದ, ಅಕ್ಕಿಯನ್ನು ಬೆರಳಿನಿಂದ ಗುರುತಿಸುತ್ತಿದ್ದಳು. ಹಿತ್ತಿಲಿನಲ್ಲಿ ನೆಟ್ಟ ನಲವತ್ತು ಕದಳಿಯಲ್ಲಿ ಮೇ ತಿಂಗಳ ಗಾಳಿಗೆ ಬಿದ್ದು, ಹಂದಿ ಅಗೆದು, ಕೊನೆಗೆ ಗೊನೆ ಹಾಕಿದ್ದು ಹತ್ತು. ಅಜ್ಜಿ ಒಂದೊಂದು ಗೊನೆಯನ್ನೂ ಮಗುವಿನ ಬೆನ್ನು ಸವರಿದ ಹಾಗೆ ಸವರಿ, ಜಗಲಿಗೆ ಬಂದು ಕೂತಳು.

‘ಈ ವರ್ಷ ಮಾಡಿಯೇ ಮಾಡುವುದು. ಇನ್ನು ವಾಯಿದೆ ಕೇಳ್ಲಿಕ್ಕೆ ನನಗೆ ನಾಚಿಕೆ ಆಗ್ತದೆ. ಹರಕೆ ಬಾಕಿ ಇಟ್ಟು ಆ ಕಡೆ ಹೋದ್ರೆ ದೇವರಿಗೆ ಎಂತ ಹೇಳುವುದು?’

ಅವಳ ಮಾತಿನಲ್ಲಿ ಅಳು ಇರಲಿಲ್ಲ. ಪೇಟೆಗೆ ಹೋಗುವ ಮೊದಲು ಚೀಲ ನೋಡಿಕೊಳ್ಳುವವರ ಧಾಟಿ ಇತ್ತು. ಅದಕ್ಕೇ ನನಗೆ ಹೆದರಿಕೆ ಆಯಿತು.

ಬಂಟ್ವಾಳ ಪೇಟೆಯಲ್ಲಿ ಸೋದರಮಾವನ ಜೀನಸಿನ ಅಂಗಡಿ. ಅಲ್ಲಿ ಮೆಣಸಿನ ಮೂಟೆ ತೂಗುವ ದೊಡ್ಡ ತಕ್ಕಡಿ. ಮುಂದಿನ ಶನಿವಾರ ಕಾಲೇಜಿನಿಂದ ನೇರ ಅಲ್ಲಿಗೆ ಹೋದೆ. ಮಾವ ನನ್ನನ್ನು ತಟ್ಟೆಯಲ್ಲಿ ಕೂರಿಸಿ ಬಟ್ಟು ಇಡುತ್ತ ಹೋದರು. ಬಟ್ಟು ಸಾಲದೆ ಪಕ್ಕದ ಅಂಗಡಿಯಿಂದ ತರಿಸಿದರು. ಮೆಣಸು ಕೊಳ್ಳಲು ಬಂದವರೊಬ್ಬರು ಇದು ಯಾವ ಊರಿನ ಮಾಲು ಎಂದು ಕೇಳಿದರು. ಎಂಬತ್ತಾರು ಕಿಲೋ. ಗೊನೆಗಳನ್ನು ಮೊದಲೇ ನೋಡಿ ಬಂದಿದ್ದ ಮಾವ ಕಣ್ಣಂದಾಜಿನಲ್ಲೇ ಹೇಳಿದರು, ಒಂದೊಂದು ಏಳು ಕಿಲೋ ಬರಬಹುದು, ಹತ್ತಕ್ಕೆ ಎಪ್ಪತ್ತು. ತೂಕದ ವಿಷಯದಲ್ಲಿ ಮಾವನ ಕಣ್ಣು ತಕ್ಕಡಿಗಿಂತ ನಂಬಿಗಸ್ತ.

ಹದಿನಾರು ಕಿಲೋ ನಾನು ಹೆಚ್ಚಿದ್ದೆ.

ಮಾವ ವ್ಯಾಪಾರಸ್ಥರು. ಎರಡು ಮೂರು ಗೊನೆ ಪೇಟೆಯಿಂದ ತಂದು ಸೇರಿಸಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಅಜ್ಜಿಯ ಹತ್ತಿರ ಹೇಳಿ ನೋಡಿದರು. ಅಜ್ಜಿ ಆ ದಿನ ಅವರಿಗೆ ಚಹಾ ಕೊಡಲಿಲ್ಲ. ಹಾಗಾದರೆ ಹುಡುಗ ಸ್ವಲ್ಪ ಇಳಿಯಲಿ ಅಂದಾಗಂತೂ ಎದ್ದೇ ನಿಂತಳು. ದೇವರಿಗೆ ಹಣ್ಣು ಉಳಿಸಲು ಮಗುವನ್ನು ಒಣಗಿಸುವುದೇ? ದೇವರು ಕೊಟ್ಟ ತೂಕವನ್ನು ನಾವು ಕದಿಯುವುದೇ? ಅವಳ ಲೆಕ್ಕದಲ್ಲಿ ಗೊನೆಗಳು ಇನ್ನೂ ದಪ್ಪವಾಗುತ್ತವೆ, ದೇವರು ಸರಿಮಾಡುತ್ತಾನೆ.

ದೇವರಿಗೆ ಸ್ವಲ್ಪ ಕೈ ಜೋಡಿಸುವ ಎಂದು ನಾನು ತೀರ್ಮಾನಿಸಿದೆ. ಗೊನೆ ಕಡಿಯಲು ಮೂರು ತಿಂಗಳು ಇತ್ತು. ಅಜ್ಜಿಗೆ ತಿಳಿಯದ ಹಾಗೆ ಇಳಿಯಬೇಕು. ಬೆಳಿಗ್ಗೆ ಆರೂವರೆಗೆ ಬಸ್ಸು, ಸಂಜೆ ಆರಕ್ಕೆ ಮನೆ, ನಡುವೆ ಇಂಗ್ಲಿಷು, ಇತಿಹಾಸ, ತರ್ಕಶಾಸ್ತ್ರ, ಮತ್ತು ಅಧ್ಯಾಪಕರಿಗೆ ಅಡ್ಡಹೆಸರು ಇಡುವ ಕೆಲಸ. ಅದನ್ನು ಇಡೀ ತರಗತಿ ನನ್ನೊಬ್ಬನ ಮೇಲೆ ಹಾಕಿತ್ತು.

ಡಯೆಟ್ ಹೇಳಿಕೊಟ್ಟವನು ಸದಾನಂದ. ವಿಜ್ಞಾನದ ವಿದ್ಯಾರ್ಥಿ, ಮಿಜಾರಿನಿಂದ ನಡೆದು ಬರುತ್ತಿದ್ದವನು, ಕೊಡೆಯ ಕಡ್ಡಿಯಷ್ಟು ತೆಳ್ಳಗೆ. ಯಾವುದೋ ಮಾಸಪತ್ರಿಕೆಯಲ್ಲಿ ಓದಿದ್ದೇನೆಂದು ಮೊದಲ ಸೂತ್ರ ಕೊಟ್ಟ: ಊಟ ಅರ್ಧ ಮಾಡು. ನಾನು ಪೂರ್ತಿಯೇ ಬಿಟ್ಟೆ. ನಮ್ಮ ಕಡೆ ಊಟ ಅಂದರೆ ಅನ್ನ, ನಿಮಗೆ ಗೊತ್ತುಂಟಲ್ಲ. ಅನ್ನ ಮುಟ್ಟದಿದ್ದರೆ ಆ ದಿನ ಉಪವಾಸವೇ. ಉಪವಾಸದ ಸುಸ್ತಿಗೆಂದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಪ್ಲೇಟು ಗೋಳಿಬಜೆ, ನಾಲ್ಕು ಬನ್ಸು, ಒಂದು ಅವಲಕ್ಕಿ. ಒಂದು ವಾರ ಅಷ್ಟು ಕಟ್ಟುನಿಟ್ಟಾಗಿ ಉಪವಾಸ ಮಾಡಿ ಬಂಟ್ವಾಳದ ತಕ್ಕಡಿಯಲ್ಲಿ ಕೂತರೆ ಎಂಬತ್ತೆಂಟು. ಮಾವ ಬಟ್ಟುಗಳನ್ನು ತಿರುಗಿಸಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

‘ಇದು ಯಾವ ಜಾತಿಯ ಉಪವಾಸ ಮಾರಾಯ? ನಮ್ಮ ಎಮ್ಮೆಗೂ ಮಾಡಿಸ್ಬಹುದಿತ್ತು.’

ಸದಾನಂದ ಎರಡನೆಯ ಸೂತ್ರ ತಂದ. ಒಂದೊಂದು ತುತ್ತನ್ನೂ ಮೂವತ್ತೆರಡು ಸಲ ಅಗಿಯಬೇಕು. ಇದು ಕೆಲಸ ಮಾಡಿತು, ಆದರೆ ಅವನು ಹೇಳಿದ ಕಾರಣಕ್ಕಲ್ಲ. ಹನ್ನೆರಡನೆಯ ತುತ್ತಿಗೆ ಬರುವಾಗ ಮಧ್ಯಾಹ್ನದ ಗಂಟೆ ಹೊಡೆಯುತ್ತಿತ್ತು, ಮಿಕ್ಕ ಬುತ್ತಿ ಹಾಗೇ ಉಳಿಯುತ್ತಿತ್ತು. ಅಜ್ಜಿ ಕಟ್ಟಿದ ಬುತ್ತಿಯನ್ನು ತಿರುಗಿ ಒಯ್ಯುವ ಧೈರ್ಯ ನನಗಿರಲಿಲ್ಲ. ವಿಜ್ಞಾನಕ್ಕೋಸ್ಕರ ತಿನ್ನು ಎಂದು ಸದಾನಂದನ ಮುಂದೆ ಇಟ್ಟೆ. ಅವನು ಎಣಿಸದೆ ತಿಂದ. ತಿಂಗಳೊಳಗೆ ಅವನ ಅಂಗಿಯ ಗುಂಡಿ ಲ್ಯಾಬಿನಲ್ಲಿ ಹಾರಿ ಗಾಜಿನ ನಳಿಗೆಯೊಂದಕ್ಕೆ ಬಿತ್ತು. ಅವನ ಅಮ್ಮ ಯಾವ ದೇವರು ಒಲಿದನೆಂದು ಕೇಳುತ್ತಿದ್ದರಂತೆ.

ಮನೆಯಲ್ಲಿ ರಾತ್ರಿಯ ಊಟ ದೊಡ್ಡ ಸವಾಲು. ಅಜ್ಜಿ ಎದುರಿಗೇ ಕೂರುತ್ತಿದ್ದಳು. ಕಣ್ಣು ಕಾಣದಿದ್ದರೂ ಕಿವಿ ಚುರುಕು. ನಾನು ಸಾರು ಸುರಿಯುವ ಸದ್ದು, ಬೆರಳು ನೆಕ್ಕುವ ಸದ್ದು, ತೃಪ್ತಿಯ ತೇಗು, ಎಲ್ಲವನ್ನೂ ಬಾಯಲ್ಲಿ ಮಾಡಿ, ಅನ್ನವನ್ನು ಬಾಗಿಲಿನ ಆಚೆ ಮಲಗಿದ್ದ ಕಾಳುವಿಗೆ ದಾಟಿಸುತ್ತಿದ್ದೆ. ಕಾಳು ಎಂದರೆ ನಾಯಿ. ಈ ಕಲೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಬೇಕಾದರೆ ಈಗಲೂ ಬರೀ ಬಾಯಿಯಿಂದ ಒಂದು ಬಂಗುಡೆ ಪುಳಿಮುಂಚಿ ಊಟ ಮಾಡಿ ತೋರಿಸುತ್ತೇನೆ. ಒಂದು ದಿನ ಅಜ್ಜಿಯ ಕಾಲಿಗೆ ಕಾಳು ತಾಗಿತು. ಬಗ್ಗಿ ಹೊಟ್ಟೆ ಸವರಿ ನೋಡಿದಳು.

‘ಇದಕ್ಕೆ ಮರಿ ಉಂಟಾ ಎಂತ?’

‘ಅದು ಗಂಡು ಅಜ್ಜಿ.’

‘ಹೌದಲ್ಲ’ ಅಂದಳು. ಕೈ ತೊಳೆಯಲು ಎದ್ದು ಹೋದಳು. ನಾನು ಗೆದ್ದೆನೆಂದುಕೊಂಡೆ.

ಸಂಜೆ ಬಸ್ಸಿನಿಂದ ಎರಡು ಮೈಲು ಮೊದಲೇ ಇಳಿದು ನಡೆಯತೊಡಗಿದೆ. ಕಂಡಕ್ಟರು ಮೊದಲ ದಿನ ಬಸ್ಸು ಹಗುರಾದುದಕ್ಕೆ ಸಂತೋಷಪಟ್ಟ, ಹತ್ತನೆಯ ದಿನ ಕಾಯಿಲೆಯೇ ಎಂದು ಕೇಳಿದ. ಗೋಳಿಬಜೆಯ ಹೋಟೆಲಿನ ಮುಂದೆ ಹೋಗುವಾಗ ಮೂಗು ಹಿಡಿದುಕೊಂಡು ಓಡುತ್ತಿದ್ದೆ. ಆ ಹೋಟೆಲಿನವರು ತಮ್ಮ ಎಣ್ಣೆ ಕೆಟ್ಟಿದೆಯೇ ಎಂದು ಬದಲಾಯಿಸಿದರು. ಊರಿಗೆ ನನ್ನಿಂದ ಆದ ಉಪಕಾರಗಳಲ್ಲಿ ಅದೂ ಒಂದು. ಎಂಬತ್ತೆರಡಾಯಿತು, ಎಪ್ಪತ್ತೊಂಬತ್ತಾಯಿತು, ಎಪ್ಪತ್ತೈದಾಯಿತು. ಶನಿವಾರ ಶನಿವಾರ ಬಂಟ್ವಾಳದ ಅಂಗಡಿಯಲ್ಲಿ ಸಣ್ಣ ಸಭೆ ಸೇರುತ್ತಿತ್ತು. ಹರಕೆಗೆ ಎಂಟು ದಿನ ಇರುವಾಗಿನ ಶನಿವಾರ ಎಪ್ಪತ್ತೊಂದು. ಮಾವ ಕೊನೆಯ ಬಟ್ಟು ತೆಗೆದು, ಒಂದು ಕಿಲೋ ದೇವರು ನೋಡಿಕೊಳ್ಳುತ್ತಾನೆ ಎಂದರು. ಮೊದಲ ಸಲ ನನ್ನ ಬೆನ್ನು ತಟ್ಟಿದರು. ತಟ್ಟಿದ್ದು ನೇರ ಎಲುಬಿಗೆ ತಾಗಿತು.

ಇನ್ನು ನನ್ನ ಪತನದ ಕತೆ. ಆ ಹತ್ತು ಗೊನೆಗಳನ್ನು ಕಡಿದು ಒಳಕೋಣೆಯಲ್ಲಿ ತೂಗುಹಾಕಿ ಹೊಗೆ ಕೊಟ್ಟಿದ್ದರು. ಬುಧವಾರ ಹಣ್ಣಾಗಲು ಶುರುವಾಯಿತು. ಕದಳಿ ಹಣ್ಣಾಗುವ ಪರಿಮಳ ಗೊತ್ತಲ್ಲ, ಅದಕ್ಕೆ ಬಾಗಿಲು, ಗೋಡೆ ಯಾವುದೂ ಲೆಕ್ಕಕ್ಕಿಲ್ಲ. ಮೂರು ತಿಂಗಳು ಅರೆಹೊಟ್ಟೆಯಲ್ಲಿದ್ದ ಹತ್ತೊಂಬತ್ತು ವರ್ಷದವನು ನಾನು, ಪರಿಮಳಕ್ಕೂ ನನಗೂ ನಡುವೆ ಒಂದು ಚಿಲಕ. ಗುರುವಾರ ಸಂಜೆ ಅಜ್ಜಿ ದೀಪ ಹಚ್ಚಲು ಹೋದಾಗ ಚಿಲಕ ತೆಗೆದೆ. ಗೋಡೆಯ ಕಡೆಗಿದ್ದ ಚಿಪ್ಪಿನಿಂದ ಒಂದು ತಿಂದೆ. ಆಮೇಲೆ ಎಷ್ಟೆಂದು ಲೆಕ್ಕ ಇಡಲಿಲ್ಲ. ಶುಕ್ರವಾರವೂ ಹೋದೆ, ಶನಿವಾರವೂ. ಎದುರಿನಿಂದ ನೋಡಿದರೆ ಗೊನೆ ಹೇಗಿತ್ತೋ ಹಾಗೇ. ಸಿಪ್ಪೆಯೆಲ್ಲ ಹಟ್ಟಿಯ ದನಕ್ಕೆ. ಇಂಥ ಅಚ್ಚುಕಟ್ಟಾದ ಕಳ್ಳತನ ನಮ್ಮ ಕಡೆ ಅದಕ್ಕೆ ಮೊದಲು ನಡೆದಿಲ್ಲ, ಆಮೇಲೂ ನಡೆದಿಲ್ಲ. ಲೆಕ್ಕದಲ್ಲಿ ಮಾತ್ರ ಒಂದು ಸಂಗತಿ ಬಿಟ್ಟುಹೋಗಿತ್ತು. ನಾನು ತಿಂದ ಒಂದೊಂದು ಹಣ್ಣೂ ಆ ತಟ್ಟೆಯಿಂದ ಇಳಿದು ಈ ತಟ್ಟೆಗೆ ಹತ್ತುತ್ತದೆ. ಒಂದಕ್ಕೆ ಎರಡು ನಷ್ಟ.

ಭಾನುವಾರ ಬೆಳಿಗ್ಗೆ ದೇವಸ್ಥಾನದ ಅಂಗಳದಲ್ಲಿ ಊರಿನ ಅರ್ಧ ಜನ. ಬುತ್ತಿಯ ಋಣಕ್ಕೆ ಸದಾನಂದನೂ ಬಂದಿದ್ದ, ಅಗಲವಾಗಿ. ನಾನು ಬರೀ ಮೈಯಲ್ಲಿ ವೇಷ್ಟಿ ಉಟ್ಟು ತಟ್ಟೆಯಲ್ಲಿ ಕೂತೆ. ಮಾವ ಒಂದೊಂದೇ ಗೊನೆ ಇಟ್ಟರು. ಆರು, ಏಳು, ಎಂಟು. ಒಂಬತ್ತು ಇಟ್ಟರೂ ನನ್ನ ತಟ್ಟೆ ನೆಲ ಬಿಡಲಿಲ್ಲ. ಹತ್ತನೆಯದನ್ನು ಇಟ್ಟು ಮಾವ ಕೈ ತೆಗೆದರು. ತಕ್ಕಡಿ ಒಮ್ಮೆ ಮುಲುಗಿತು, ನಾನು ನೆಲದಲ್ಲೇ ಉಳಿದೆ. ಮಾವ ಗೊನೆಗಳನ್ನು ನೋಡಿದರು, ಒಳಕೋಣೆಯಲ್ಲಿ ಗೋಡೆಯ ಕಡೆಗಿದ್ದ ಬೋಳು ದಂಟುಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಎಪ್ಪತ್ತೊಂದರ ಆ ಶನಿವಾರ ಬೆನ್ನು ತಟ್ಟಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ನೋಟ ಅದು.

ನಾನು ಕೈಯ ವಾಚು ಬಿಚ್ಚಿ ಕೊಟ್ಟೆ. ಉಡಿದಾರ ಬಿಚ್ಚಿ ಕೊಟ್ಟೆ. ವೇಷ್ಟಿಯ ಕಡೆಗೆ ಕೈ ಹೋದಾಗ ಭಟ್ಟರು ಬೇಡವೆಂದು ಸನ್ನೆ ಮಾಡಿದರು. ಹಿಂದೆ ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ಜೀವಮಾನದಲ್ಲಿ ನಾನು ನಗದ ತಮಾಷೆ ಅದೊಂದೇ. ಹದಿಮೂರು ವರ್ಷ ಮಣ್ಣು ಅಗೆದ ಮುದುಕಿ ಪೆಟ್ಟಿಗೆಯಲ್ಲಿಟ್ಟಿದ್ದ ಒಳ್ಳೆಯ ಸೀರೆ ಉಟ್ಟು ಕಂಬ ಹಿಡಿದು ನಿಂತಿದ್ದಾಳೆ, ಅವಳ ಹರಕೆ ಅರ್ಧದಲ್ಲಿ ನಿಂತಿದೆ, ಅದನ್ನು ನಾನು ಮೂರು ಸಂಜೆಯಲ್ಲಿ ತಿಂದು ಮುಗಿಸಿದ್ದೇನೆ.

ಹೊರಗೆ ಅಂಗಡಿಯಲ್ಲಿ ಹಣ್ಣುಂಟು, ತರುವ ಎಂದು ಮಾವ ಮೆಲ್ಲಗೆ ಅಂದರು. ಅಜ್ಜಿ ತಲೆ ಅಲ್ಲಾಡಿಸಿ, ಕಂಬ ಬಿಟ್ಟು, ತಡವರಿಸಿಕೊಂಡು ತಕ್ಕಡಿಯ ಹತ್ತಿರ ಬಂದಳು. ಹಣ್ಣಿನ ತಟ್ಟೆ ಎಲ್ಲಿದೆ ಎಂದು ಕೈಯಿಂದ ಹುಡುಕಿದಳು. ಗೊನೆಗಳ ಮೇಲೆ ಎರಡೂ ಅಂಗೈ ಊರಿದಳು. ಗರ್ಭಗುಡಿಯ ಕಡೆಗೆ ಮುಖ ಮಾಡಿ, ಪಕ್ಕದ ಮನೆಯವರ ಹತ್ತಿರ ಮಾತಾಡುವ ಹಾಗೆ ಹೇಳಿದಳು:

‘ಇಲ್ಲಿ ಕಮ್ಮಿ ಇರುವುದು ಇವನ ಹೊಟ್ಟೆಯಲ್ಲಿ ಉಂಟು. ಅದೂ ನಾನು ನೆಟ್ಟದ್ದೇ. ನೀನು ನೋಡಿದ್ದೀ. ಎಲ್ಲಿಂದ ಬೇಕೋ ಅಲ್ಲಿಂದ ತೆಗೆದುಕೋ.’

ಹೇಳಿ, ಭಾರ ಬಿಟ್ಟು ಒತ್ತಿದಳು. ನನ್ನ ತಟ್ಟೆ ನೆಲ ಬಿಟ್ಟಿತು. ಎರಡು ತಟ್ಟೆಯೂ ಒಂದೇ ಮಟ್ಟಕ್ಕೆ ಬಂದು ನಿಂತವು. ಭಟ್ಟರು ಒಂದು ಕ್ಷಣ ಯೋಚಿಸಿದರು. ಇದಕ್ಕೆ ಶಾಸ್ತ್ರದಲ್ಲಿ ಏನಿದೆಯೋ, ಅವರು ಗಂಟೆ ಬಾರಿಸಿದರು.

‘ಮುಗೀತಾ ಭಟ್ರೇ?’

‘ಮುಗೀತು ಅಮ್ಮ.’

ಅಜ್ಜಿ ಕೈ ತೆಗೆದಳು. ನಾನು ದಡ್ಡನೆ ನೆಲಕ್ಕೆ ಬಿದ್ದೆ. ಆಗ ಊರೇ ನಕ್ಕಿತು, ಅಜ್ಜಿಯೂ. ಮತ್ತೆ ಒಂಬತ್ತು ವರ್ಷ ಬದುಕಿದಳು. ಆ ಒಂಬತ್ತು ವರ್ಷದಲ್ಲಿ ನಾನು ಬಿಟ್ಟ ಹದಿನೈದು ಕಿಲೋವನ್ನೂ ಅದರ ಮೇಲೆ ಐದನ್ನೂ ತನ್ನ ಕೈಯಿಂದಲೇ ತುಂಬಿಕೊಟ್ಟಳು. ನನಗೆ ಹರಕೆಯ ಹಣ್ಣು ಕದ್ದವನೆಂಬ ಹೆಸರು ಗಟ್ಟಿಯಾಯಿತು. ಮಾವ ಸಾಯುವವರೆಗೂ ನಾನು ಅಂಗಡಿಗೆ ಹೋದರೆ ಬಾಳೆಹಣ್ಣಿನ ಬುಟ್ಟಿಯನ್ನು ಒಳಗಿಡುತ್ತಿದ್ದರು.

ಈಗ ಒಂದು ತಪ್ಪೊಪ್ಪಿಗೆ. ಇಷ್ಟು ಹೊತ್ತು ಹೇಳಿದ್ದರಲ್ಲಿ ಒಂದು ನನ್ನ ಸೃಷ್ಟಿ. ತಕ್ಕಡಿ ನಿಜ, ಸದಾನಂದನ ಗುಂಡಿ ನಿಜ, ಗಂಡು ನಾಯಿಯ ಹೊಟ್ಟೆಯೂ ನಿಜ. ನಾನು ಹಣ್ಣು ಕದ್ದದ್ದು ಸುಳ್ಳು.

ಆ ಗುರುವಾರ ಸಂಜೆ ಹೊಟ್ಟೆನೋವೆಂದು ಹೇಳಿ ಚಾಪೆಯಲ್ಲಿ ಬಿದ್ದುಕೊಂಡಿದ್ದೆ. ಅಜ್ಜಿ ದೀಪ ಹಚ್ಚಿ ಬಂದು ಪಕ್ಕದಲ್ಲಿ ಕೂತು, ಹೊಟ್ಟೆ ಎಲ್ಲಿ ನೋಯುತ್ತದೆ ಎಂದು ಕೈಯಾಡಿಸಿದಳು. ಕೈ ಪಕ್ಕೆಲುಬಿನ ಮೇಲೆ ನಿಂತಿತು. ಒಂದೊಂದನ್ನೇ ಎಣಿಸಿದಳು. ಟೈಫಾಯ್ಡಿನ ವರ್ಷ ಹೀಗೇ ಸಿಗುತ್ತಿತ್ತು ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಎದ್ದು ಒಳಕೋಣೆಗೆ ಹೋಗಿ, ಗೊನೆಯಿಂದ ಒಂದು ಚಿಪ್ಪು ಮುರಿದು ತಂದಳು. ಗೋಡೆಯ ಕಡೆಯ ಚಿಪ್ಪು. ಇದು ಹರಕೆಯದು, ಕಮ್ಮಿಯಾಗುತ್ತದೆ ಅಜ್ಜಿ ಎಂದು ನಾನು ಹೇಳುತ್ತಲೇ ಇದ್ದೆ. ಅವಳು ಸುಲಿದು ಬಾಯಿಗೆ ಇಡುತ್ತಲೇ ಇದ್ದಳು. ಮೂರು ಸಂಜೆ ಹಾಗೆ ನಡೆಯಿತು. ಸಿಪ್ಪೆಯನ್ನು ದನಕ್ಕೆ ಹಾಕಿದವಳೂ ಅವಳೇ.

‘ನಾನು ಹರಕೆ ಹೇಳಿದ್ದು ಹಣ್ಣು ಉಳಿಯಲಿ ಅಂತ ಅಲ್ಲ. ತಿನ್ನು.’

ಯಾರಾದರೂ ಕೇಳಿದರೆ ಏನು ಹೇಳುವುದು ಎಂದು ಬಾಯಿ ತುಂಬ ಹಣ್ಣಿಟ್ಟುಕೊಂಡು ಕೇಳಿದೆ. ಅಜ್ಜಿ ಇನ್ನೊಂದನ್ನು ಸುಲಿಯುತ್ತ ಸ್ವಲ್ಪ ಯೋಚಿಸಿದಳು.

‘ಕದ್ದೆ ಅಂತ ಹೇಳು ಮಗಾ. ನೀನು ಹಾಗೆ ಹೇಳಿದ್ರೆ ಈ ಊರಲ್ಲಿ ಒಬ್ಬನಿಗೂ ಸಂಶಯ ಬರ್ಲಿಕ್ಕಿಲ್ಲ.’